ಚದುರಿಹೋಗುವ ತಾರಾಗುಚ್ಛಗಳು

ಆಕಾಶಗಂಗೆಯ ತಟ್ಟೆಯಲ್ಲಿ ಒಂದೇ ಅನಿಲಮೋಡದಿಂದ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿ, ಪರಸ್ಪರ ಗುರುತ್ವದ ಸಡಿಲ ಹಿಡಿತದಲ್ಲಿ ಜೊತೆಯಾಗಿ ಸಾಗುವ ಕೆಲವು ನೂರರಿಂದ ಕೆಲವು ಸಾವಿರ ನಕ್ಷತ್ರಗಳ ಗುಂಪಿಗೆ ತೆರೆದ ತಾರಾಗುಚ್ಛ ಎಂದು ಹೆಸರು. ಎಲ್ಲರಿಗೂ ಗೊತ್ತಿರುವ ಉದಾಹರಣೆ ಕೃತ್ತಿಕೆ. ವೃಷಭ ರಾಶಿಯಲ್ಲಿ ರೋಹಿಣಿಯ ಸುತ್ತ ಕವಲೊಡೆದಂತೆ ಕಾಣುವ ಹಯಾಡೀಸ್, ಪುಷ್ಯ ನಕ್ಷತ್ರದ ಬಳಿ ಮಸುಕು ಚುಕ್ಕೆಯಂತಿರುವ ಜೇನುಗೂಡು ಗುಚ್ಛ ಇವೂ ಇದೇ ಜಾತಿಯವು. ರೋಹಿಣಿ ಮಾತ್ರ ಹಯಾಡೀಸ್‌ಗೆ ಸೇರಿದ್ದಲ್ಲ. ಗುಚ್ಛಕ್ಕೂ ನಮಗೂ ನಡುವೆ, ಅರ್ಧಕ್ಕಿಂತ ಕಡಿಮೆ ದೂರದಲ್ಲಿ, ಅದೇ ದಿಕ್ಕಿನಲ್ಲಿ ನಿಂತಿರುವ ಒಂಟಿ ನಕ್ಷತ್ರ ಅದು. ಲಕ್ಷಾಂತರ ನಕ್ಷತ್ರಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಸಾವಿರ ಕೋಟಿ ವರ್ಷ ದಾಟಿದರೂ ಚೆದುರದ ಗೋಳಗುಚ್ಛಗಳು ಬೇರೆಯೇ ವರ್ಗ. ತೆರೆದ ಗುಚ್ಛಗಳಿಗೆ ಅಂಥ ಆಯುಸ್ಸಿಲ್ಲ.

ತೆರೆದ ಗುಚ್ಛವೊಂದು ಹುಟ್ಟಿದ ದಿನದಿಂದಲೇ ಕರಗತೊಡಗುತ್ತದೆ. ಇದು ಅಪರೂಪಕ್ಕೆ ಸಂಭವಿಸುವ ಅವಘಡವಲ್ಲ, ಆಕಾಶಗಂಗೆಯ ತಟ್ಟೆ ಒಂಟಿ ನಕ್ಷತ್ರಗಳಿಂದ ತುಂಬಿಕೊಂಡಿರುವ ಬಗೆಯೇ ಇದು. ಇಂದು ತನ್ನ ಗ್ರಹಗಳೊಡನೆ ಒಂಟಿಯಾಗಿ ಸುತ್ತುತ್ತಿರುವ ಸೂರ್ಯನೂ ಎಂದೋ ಒಂದು ಗುಚ್ಛದಿಂದ ಹೊರಬಿದ್ದವನೇ.

ಕನ್ನಡ ನಾಡಿನಿಂದ ಈ ಗುಚ್ಛಗಳನ್ನು ನೋಡುವ ಅನುಕೂಲ ದೊಡ್ಡದು. ಹಳೇಬೀಡಿಗೆ ಅಂಟಿಕೊಂಡಂತೆ ಇರುವ ಬಸ್ತಿಹಳ್ಳಿ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜನವರಿಯ ರಾತ್ರಿ ಒಂಬತ್ತರ ಹೊತ್ತಿಗೆ ಅಲ್ಲಿ ಹಯಾಡೀಸ್ ನೆತ್ತಿಯಿಂದ ಮೂರು ಡಿಗ್ರಿಯಷ್ಟು ಮಾತ್ರ ಸರಿದು ಹಾಯುತ್ತದೆ. ಮಾರ್ಚ್‌ನಲ್ಲಿ ಅದೇ ಹೊತ್ತಿಗೆ ಕರ್ಕಾಟಕ ರಾಶಿಯ ಮೆಸಿಯೆ 67 ಎಂಬ ಮುದಿ ಗುಚ್ಛ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಬರುತ್ತದೆ. ಅದನ್ನು ಕಾಣಲು ಬೈನಾಕ್ಯುಲರ್ ಬೇಕು. ಏಪ್ರಿಲ್‌ನ ಬೆಳಗಿನ ಜಾವ ದಕ್ಷಿಣದಲ್ಲಿ, ಚೇಳಿನ ಬಾಲದ ಕೊಂಡಿಯ ಪಕ್ಕದಲ್ಲಿ, ಮೆಸಿಯೆ 7 ಬರಿಗಣ್ಣಿಗೇ ಸಿಗುತ್ತದೆ. ಯೂರೋಪಿನ ಬಹುಭಾಗಕ್ಕೆ ಅದು ದಿಗಂತದ ಮಬ್ಬಿನಲ್ಲಿ ಮುಳುಗಿರುವ ಗುಚ್ಛ, ಇಲ್ಲಿ 40 ಡಿಗ್ರಿಗೂ ಮೇಲೆ ಏರುತ್ತದೆ.

ಬಸ್ತಿಹಳ್ಳಿಯ ಮೂರು ಜೈನ ಬಸದಿಗಳಲ್ಲಿ ಪಾರ್ಶ್ವನಾಥನದನ್ನು ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ. ಅದರ ನವರಂಗದ ಬಳಪದ ಕಲ್ಲಿನ ಕಂಬಗಳು ಮುಖ ಕಾಣುವಷ್ಟು ನುಣುಪಾಗಿವೆ. ಮೆಸಿಯೆ 7 ನಮ್ಮಿಂದ ಸುಮಾರು 900ರಿಂದ 1,000 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಆ ಕಂಬಗಳಿಗೆ ನುಣುಪು ಬರುತ್ತಿದ್ದ ಕಾಲದ ಆಸುಪಾಸಿನಲ್ಲಿ ಹೊರಟ ಬೆಳಕು ಇಂದು ಅದೇ ಊರಿನ ಮೇಲೆ ಬೀಳುತ್ತಿದೆ. ಇಷ್ಟು ಕಾಲದಲ್ಲಿ ಗುಚ್ಛದ ಒಳಗೆ ಎಷ್ಟು ಬದಲಾಗಿದ್ದೀತು? ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ಗುಚ್ಛದಿಂದ ಹೊರಟ ನಕ್ಷತ್ರವೊಂದು 900 ವರ್ಷಗಳಲ್ಲಿ ಕ್ರಮಿಸುವ ದೂರ ಒಂದು ಜ್ಯೋತಿರ್ವರ್ಷದ ಮುನ್ನೂರನೆಯ ಒಂದು ಭಾಗ. ಗುಚ್ಛದ ಅಗಲವೋ ಹತ್ತಾರು ಜ್ಯೋತಿರ್ವರ್ಷ. ಹೊಯ್ಸಳರಿಂದ ಇಂದಿನವರೆಗೆ ಯಾರಾದರೂ ಪ್ರತಿ ರಾತ್ರಿ ಬಿಡದೆ ನೋಡಿದ್ದರೂ ಒಂದು ಗುಚ್ಛ ಕರಗುವುದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಹಾಗಾದರೆ ಕರಗುತ್ತವೆ ಎಂದು ತಿಳಿದದ್ದು ಹೇಗೆ? ಒಂದೇ ಗುಚ್ಛವನ್ನು ಕಾಯುವ ಬದಲು ಬೇರೆ ಬೇರೆ ವಯಸ್ಸಿನ ಗುಚ್ಛಗಳನ್ನು ಹೋಲಿಸಿ ನೋಡುವುದರಿಂದ. ಈ ಕೆಲಸಕ್ಕೆ ತಳಹದಿ ಬಿದ್ದದ್ದು ನಿಧಾನವಾಗಿ. ಗೆಲಿಲಿಯೊ 1610ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೃತ್ತಿಕೆಯ 36 ನಕ್ಷತ್ರಗಳನ್ನು ಗುರುತಿಸಿ ಬರೆದ. 1767ರಲ್ಲಿ ಇಂಗ್ಲೆಂಡಿನ ಪಾದ್ರಿ ಜಾನ್ ಮಿಚೆಲ್, ಕೃತ್ತಿಕೆಯ ಅಷ್ಟು ಪ್ರಕಾಶಮಾನ ನಕ್ಷತ್ರಗಳು ಬರೀ ಆಕಸ್ಮಿಕವಾಗಿ ಒಂದೆಡೆ ಕಾಣುವ ಸಂಭವ 4,96,000ಕ್ಕೆ ಒಂದು ಎಂದು ಲೆಕ್ಕ ಹಾಕಿ, ಅವು ನಿಜವಾಗಿಯೂ ಒಟ್ಟಿಗಿರುವ ಗುಂಪು ಎಂದು ವಾದಿಸಿದ. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ತೆರೆದ ಗುಚ್ಛಗಳ ಗಾತ್ರ, ಹೊಳಪುಗಳನ್ನು ಹೋಲಿಸುತ್ತ ಹೋಗಿ, ನಕ್ಷತ್ರಗಳ ನಡುವಿನ ಜಾಗ ಖಾಲಿಯಲ್ಲ, ಅಲ್ಲಿರುವ ದೂಳು ಬೆಳಕನ್ನು ನುಂಗುತ್ತದೆ ಎಂದು ಸಾಧಿಸಿದ. ಆಮೇಲೆಯೇ ದೂರದ ಅಳತೆಗಳು ನಂಬುವಂತಾದವು.

ವಯಸ್ಸನ್ನು ಅಳೆಯುವ ಉಪಾಯ ಮಾತ್ರ ಗುಚ್ಛಗಳ ಒಳಗೇ ಇದೆ. ಭಾರದ ನಕ್ಷತ್ರ ತನ್ನ ಇಂಧನವನ್ನು ಬೇಗ ಉರಿಸಿ ಮುಗಿಸುತ್ತದೆ, ಹಗುರವಾದದ್ದು ಬಹುಕಾಲ ಬಾಳುತ್ತದೆ. ಒಂದು ಗುಚ್ಛದ ನಕ್ಷತ್ರಗಳ ಬಣ್ಣ ಮತ್ತು ಹೊಳಪನ್ನು ಒಂದು ನಕ್ಷೆಯಲ್ಲಿ ಗುರುತಿಸಿದರೆ, ಯಾವ ಭಾರದವರೆಗಿನ ನಕ್ಷತ್ರಗಳು ಇನ್ನೂ ಮಾಮೂಲಾಗಿ ಉರಿಯುತ್ತಿವೆ, ಯಾವುವು ಆಗಲೇ ಉಬ್ಬಿ ಕೆಂಪು ದೈತ್ಯರಾಗಲು ಹೊರಟಿವೆ ಎಂಬ ತಿರುವು ಎದ್ದು ಕಾಣುತ್ತದೆ. ಆ ತಿರುವಿನ ಜಾಗವೇ ವಯಸ್ಸು ಹೇಳುತ್ತದೆ. ಮಹಾವ್ಯಾಧದ ಖಡ್ಗದಲ್ಲಿರುವ ನೀಹಾರಿಕೆಯ ಗುಚ್ಛಕ್ಕೆ ಹತ್ತಿಪ್ಪತ್ತು ಲಕ್ಷ ವರ್ಷ. ಪರ್ಸಿಯಸ್‌ನ ಜೋಡಿ ಗುಚ್ಛಕ್ಕೆ ಸುಮಾರು 1.4 ಕೋಟಿ. ಕೃತ್ತಿಕೆಗೆ 10ರಿಂದ 13 ಕೋಟಿ, ಹಯಾಡೀಸ್‌ಗೆ 60ರಿಂದ 70 ಕೋಟಿ, ಮೆಸಿಯೆ 67ಕ್ಕೆ ಸುಮಾರು 400 ಕೋಟಿ ವರ್ಷ. ಹೀಗೆ ವಯಸ್ಸು ಅಳೆಯುತ್ತ ಹೋದಾಗ ಒಂದು ಸಂಗತಿ ಖಗೋಳಜ್ಞರನ್ನು ಕಾಡಿತು: ಎಳೆಯ ಗುಚ್ಛಗಳು ಬೇಕಾದಷ್ಟಿವೆ, ಮುದಿ ಗುಚ್ಛಗಳು ತೀರಾ ಕಡಿಮೆ. 1971ರಲ್ಲಿ ರೋಲಾಂಡ್ ವೀಲೆನ್ ಈ ಎಣಿಕೆಯಿಂದಲೇ ಗುಚ್ಛಗಳ ಆಯುಸ್ಸನ್ನು ಅಂದಾಜು ಮಾಡಿದರು. ಸೂರ್ಯನ ನೆರೆಯ ಗುಚ್ಛಗಳಲ್ಲಿ ಅರ್ಧದಷ್ಟು 20 ಕೋಟಿ ವರ್ಷದೊಳಗೆ ಕರಗಿಹೋಗುತ್ತವೆ. ನೂರರಲ್ಲಿ ಹತ್ತು 50 ಕೋಟಿ ದಾಟುತ್ತವೆ. 200 ಕೋಟಿ ದಾಟುವುದು ನೂರಕ್ಕೆ ಎರಡು. ಸೂರ್ಯನ ದೂರದಲ್ಲಿ ಆಕಾಶಗಂಗೆಯ ಒಂದು ಸುತ್ತಿಗೇ ಸುಮಾರು 23 ಕೋಟಿ ವರ್ಷ ಹಿಡಿಯುತ್ತದೆ ಎಂಬುದನ್ನು ನೆನೆದರೆ, ಹೆಚ್ಚಿನವು ಒಂದು ಸುತ್ತನ್ನೂ ಪೂರೈಸುವುದಿಲ್ಲ.

ಮೊದಲ ಗಂಡಾಂತರ ತೊಟ್ಟಿಲಲ್ಲೇ ಕಾದಿರುತ್ತದೆ. ಮೋಡದ ಅನಿಲವೆಲ್ಲ ನಕ್ಷತ್ರವಾಗುವುದಿಲ್ಲ. ಸಾಮಾನ್ಯವಾಗಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಆಗುತ್ತದೆ. ಉಳಿದ ಅನಿಲದ ತೂಕವೇ ಎಳೆಯ ನಕ್ಷತ್ರಗಳನ್ನು ಒಟ್ಟಿಗೆ ಹಿಡಿದಿಟ್ಟಿರುತ್ತದೆ. ಕೆಲವೇ ಲಕ್ಷ ವರ್ಷಗಳಲ್ಲಿ ಗುಂಪಿನ ಅತಿ ಭಾರದ ನಕ್ಷತ್ರಗಳು ನೇರಳಾತೀತ ಬೆಳಕನ್ನೂ ಬಿರುಗಾಳಿಯನ್ನೂ ಸೂಸಿ ಆ ಅನಿಲವನ್ನು ಹೊರದಬ್ಬುತ್ತವೆ. ಅನಿಲ ಹೋದೊಡನೆ ಹಿಡಿತವೂ ಹೋಗುತ್ತದೆ, ನಕ್ಷತ್ರಗಳ ವೇಗ ಮಾತ್ರ ಮೊದಲಿನಷ್ಟೇ ಇರುತ್ತದೆ. ಚಾರ್ಲ್ಸ್ ಲಾಡಾ ಮತ್ತು ಎಲಿಜಬೆತ್ ಲಾಡಾ 2003ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ, ಮೋಡದೊಳಗೆ ಹುಟ್ಟುವ ನೂರು ಗುಚ್ಛಗಳಲ್ಲಿ ಕೃತ್ತಿಕೆಯ ವಯಸ್ಸಿನವರೆಗೆ ಗುಚ್ಛವಾಗಿಯೇ ಬದುಕುವುದು ನಾಲ್ಕರಿಂದ ಏಳು ಮಾತ್ರ. ನಕ್ಷತ್ರಗಳ ಚಲನೆಯನ್ನು ಅಳೆಯುವ ಗಾಯಾ ಉಪಗ್ರಹದ ಅಳತೆಗಳನ್ನು ಬಳಸಿ ಮೈಕೆಲ್ ಕೂನ್ ಮತ್ತು ಸಂಗಡಿಗರು 2019ರಲ್ಲಿ 28 ಎಳೆಯ ಗುಚ್ಛಗಳನ್ನು ಪರೀಕ್ಷಿಸಿದಾಗ ಮುಕ್ಕಾಲು ಪಾಲು ಆಗಲೇ ಹಿಗ್ಗುತ್ತಿದ್ದವು. ಹಿಗ್ಗುವ ವೇಗ ಸೆಕೆಂಡಿಗೆ ಅರ್ಧ ಕಿಲೋಮೀಟರಿನಷ್ಟು.

ಕೃತ್ತಿಕೆ ಇದನ್ನು ದಾಟಿ ಬಂದ ಗುಚ್ಛ. ಪಾವೆಲ್ ಕ್ರೂಪಾ, ಸ್ವೆರೆ ಆರ್ಸೆತ್ ಮತ್ತು ಜರೋಡ್ ಹರ್ಲಿ 2001ರಲ್ಲಿ ಕಂಪ್ಯೂಟರಿನಲ್ಲಿ ಒಂದು ಗುಚ್ಛವನ್ನು ಹುಟ್ಟಿಸಿ ನೋಡಿದರು. ಮಹಾವ್ಯಾಧದ ಗುಚ್ಛದಂಥದ್ದರಿಂದ ಅನಿಲವನ್ನು ಹಠಾತ್ತನೆ ತೆಗೆದಾಗ ಮೂರನೆಯ ಎರಡು ಭಾಗದಷ್ಟು ನಕ್ಷತ್ರಗಳು ಚದುರಿಹೋದವು. ಉಳಿದವು ಮತ್ತೆ ಕೂಡಿಕೊಂಡು, ಹತ್ತು ಕೋಟಿ ವರ್ಷಗಳ ಹೊತ್ತಿಗೆ ಇಂದಿನ ಕೃತ್ತಿಕೆಯನ್ನೇ ಹೋಲುವ ಗುಚ್ಛವಾದವು.

ಹಾಗೆ ಹೊರಬಿದ್ದ ಸೋದರರು ಎಲ್ಲಿ ಎಂಬ ಪ್ರಶ್ನೆಗೆ ಈಚೆಗೆ ಸ್ವಲ್ಪ ಉತ್ತರ ಸಿಕ್ಕಿದೆ. ಎಳೆಯ ನಕ್ಷತ್ರ ತನ್ನ ಸುತ್ತ ತಾನು ವೇಗವಾಗಿ ತಿರುಗುತ್ತದೆ, ವಯಸ್ಸಾದಂತೆ ನಿಧಾನವಾಗುತ್ತದೆ. ಆ ತಿರುಗುವ ಅವಧಿಯನ್ನು ಟೆಸ್ ಉಪಗ್ರಹದಿಂದ, ಚಲನೆಯನ್ನು ಗಾಯಾದಿಂದ ಪಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೃತ್ತಿಕೆಯ ಬಳಗವನ್ನು ಮೂರು ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿಗೆ ಹಿಗ್ಗಿಸಿತು. ಅವು ಸುಮಾರು 2,000 ಜ್ಯೋತಿರ್ವರ್ಷ ಉದ್ದಕ್ಕೆ ಹರಡಿವೆ. ಬರಿಗಣ್ಣಿಗೆ ಆರೇಳಾಗಿ ಕಾಣುವ ಕೃತ್ತಿಕೆ ಆ ದೊಡ್ಡ ಬಳಗದ ಇನ್ನೂ ಬಿಡಿಸಿಕೊಳ್ಳದ ತಿರುಳು.

ಹುಟ್ಟಿನ ಗಂಡಾಂತರ ಕಳೆದ ಮೇಲೆ ಸವೆತ ಮೆಲ್ಲಗಾಗುತ್ತದೆ, ನಿಲ್ಲುವುದಿಲ್ಲ. ಭಾರದ ನಕ್ಷತ್ರಗಳು ಸೂಪರ್‌ನೋವಾ ಆಗಿ ಸಿಡಿದೋ, ಕೆಂಪು ದೈತ್ಯರಾಗಿ ಹೊರಪದರ ಕಳಚಿಯೋ ತಮ್ಮ ದ್ರವ್ಯವನ್ನು ಹೊರಚೆಲ್ಲುತ್ತವೆ. ಅಷ್ಟರಮಟ್ಟಿಗೆ ಗುಚ್ಛದ ಹಿಡಿತ ಸಡಿಲವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ನಕ್ಷತ್ರ ನಕ್ಷತ್ರಗಳ ನಡುವಿನ ಕೊಡುಕೊಳ್ಳುವಿಕೆ. ಎರಡು ನಕ್ಷತ್ರಗಳು ಹತ್ತಿರದಿಂದ ಹಾದಾಗ ಡಿಕ್ಕಿಯಾಗುವುದು ತೀರಾ ಅಪರೂಪ, ಆದರೆ ಗುರುತ್ವದ ಸೆಳೆತದಲ್ಲಿ ಶಕ್ತಿ ಅದಲುಬದಲಾಗುತ್ತದೆ. ಭಾರದ್ದು ವೇಗ ಕಳೆದುಕೊಂಡು ನಡುವಿಗೆ ಇಳಿಯುತ್ತದೆ, ಹಗುರವಾದದ್ದು ವೇಗ ಗಳಿಸಿ ಅಂಚಿಗೆ ಹೋಗುತ್ತದೆ. ಮೊರದಲ್ಲಿ ಕೇರಿದಾಗ ಕಾಳು ಒಳಗೆ ಉಳಿದು ಹೊಟ್ಟು ಅಂಚಿನಿಂದ ಹಾರುವ ಹಾಗೆ ಗುಚ್ಛ ಕೋಟ್ಯಂತರ ವರ್ಷಗಳಲ್ಲಿ ತನ್ನ ಹಗುರ ನಕ್ಷತ್ರಗಳನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ತಪ್ಪಿಸಿಕೊಳ್ಳಲು ಬೇಕಾದ ವೇಗವೂ ಹೆಚ್ಚಿನದೇನಲ್ಲ. ಕೃತ್ತಿಕೆಯಂಥ ಗುಚ್ಛದಲ್ಲಿ ಸೆಕೆಂಡಿಗೆ ಒಂದೆರಡು ಕಿಲೋಮೀಟರ್ ಸಾಕು.

ಈ ಆವಿಯಾಗುವಿಕೆಯ ಗಣಿತವನ್ನು ಮೊದಲು ಕಟ್ಟಿದವರು ಮೂವರು. ಸೋವಿಯತ್ ಒಕ್ಕೂಟದ ವಿಕ್ಟರ್ ಅಂಬಾರ್ಟ್ಸುಮಿಯಾನ್ 1938ರಲ್ಲಿ, ಅಮೆರಿಕದ ಲೈಮನ್ ಸ್ಪಿಟ್ಜರ್ 1940ರಲ್ಲಿ, ಆಮೇಲೆ ಷಿಕಾಗೋ ವಿಶ್ವವಿದ್ಯಾಲಯದ ಸುಬ್ರಹ್ಮಣ್ಯನ್ ಚಂದ್ರಶೇಖರ್. ನಕ್ಷತ್ರಗಳ ಗತಿಶಾಸ್ತ್ರವನ್ನು ಕುರಿತ ಚಂದ್ರಶೇಖರ್ ಅವರ ಪುಸ್ತಕ 1942ರಲ್ಲಿ ಬಂತು. ಮರುವರ್ಷ ಅವರು ಬರೆದ ಲೇಖನಗಳಲ್ಲಿ, ನಕ್ಷತ್ರಗಳ ಗುಂಪಿನೊಳಗೆ ಚಲಿಸುವ ನಕ್ಷತ್ರ ತನ್ನ ಹಿಂದೆ ಉಳಿದವುಗಳ ಸೆಳೆತಕ್ಕೆ ಸಿಕ್ಕಿ ಕ್ರಮೇಣ ನಿಧಾನವಾಗುತ್ತದೆ ಎಂದು ತೋರಿಸಿದರು. ಗತಿಘರ್ಷಣೆ ಎನ್ನುವ ಈ ತಡೆ ಇಲ್ಲದಿದ್ದರೆ ಕೃತ್ತಿಕೆಯಂಥ ಗುಚ್ಛಗಳು ಇಷ್ಟು ಕಾಲ ಬಾಳುತ್ತಲೇ ಇರಲಿಲ್ಲ ಎಂಬುದು ಅವರ ವಾದವಾಗಿತ್ತು. ಚಂದ್ರಶೇಖರ್ ಎಂದರೆ ಇಂಧನ ತೀರಿದ ನಕ್ಷತ್ರಗಳ ತಿರುಳಾದ ಶ್ವೇತ ಕುಬ್ಜಗಳ ತೂಕದ ಮಿತಿ ಎಂದಷ್ಟೇ ನೆನೆಯುವುದು ರೂಢಿ. ತಾರಾಗುಚ್ಛಗಳ ಸಾವನ್ನು ಕುರಿತ ಈ ಕೆಲಸವೂ ಅಷ್ಟೇ ಮೇಲ್ಮಟ್ಟದ್ದು, ಅಷ್ಟೇ ನೆನಪಿಗೆ ಅರ್ಹ.

ಒಳಗಿನ ಸವೆತಕ್ಕೆ ಹೊರಗಿನ ಎಳೆತ ಸೇರುತ್ತದೆ. ಗುಚ್ಛದ ಒಂದು ಬದಿ ಆಕಾಶಗಂಗೆಯ ಕೇಂದ್ರಕ್ಕೆ ತುಸು ಹತ್ತಿರ, ಇನ್ನೊಂದು ಬದಿ ತುಸು ದೂರ. ಚಂದ್ರ ಸಮುದ್ರವನ್ನು ಎಳೆದು ಉಬ್ಬರವಿಳಿತ ತರುವ ನಿಯಮವೇ ಇಲ್ಲಿಯೂ ಗುಚ್ಛವನ್ನು ಉದ್ದಕ್ಕೆ ಹಿಗ್ಗಿಸುತ್ತದೆ. ಒಂದು ಮಿತಿಯ ಆಚೆ ಹೋದ ನಕ್ಷತ್ರ ಗುಚ್ಛದ್ದಾಗಿ ಉಳಿಯುವುದಿಲ್ಲ. ಹೊರಹೋಗುವ ದಾರಿಗಳು ಎರಡು, ಒಂದು ಕೇಂದ್ರದ ಕಡೆಗೆ, ಇನ್ನೊಂದು ಅದಕ್ಕೆ ಎದುರಿಗೆ. ಕೇಂದ್ರದ ಕಡೆ ಹೊರಬಿದ್ದವು ಒಳಗಿನ ಕಕ್ಷೆ ಹಿಡಿದು ಬೇಗ ಸುತ್ತುವುದರಿಂದ ಗುಚ್ಛಕ್ಕಿಂತ ಮುಂದಾಗುತ್ತವೆ. ಆಚೆ ಹೊರಬಿದ್ದವು ಹಿಂದುಳಿಯುತ್ತವೆ. ಹೀಗೆ ಗುಚ್ಛದ ಮುಂದೊಂದು ಹಿಂದೊಂದು ಬಾಲ ಬೆಳೆಯುತ್ತದೆ.

ದೊಡ್ಡ ಅನಿಲಮೋಡಗಳ ಹೊಡೆತ ಇನ್ನೂ ಒರಟು. ಸೂರ್ಯನ ಲಕ್ಷ ಪಟ್ಟು ತೂಗುವ ಮೋಡವೊಂದು ಹತ್ತಿರ ಹಾದರೆ ಸಡಿಲ ಗುಚ್ಛ ಒಂದೇ ಸಲಕ್ಕೆ ಹರಿದುಹೋಗಬಹುದು. ಮುದಿ ಗುಚ್ಛಗಳ ಕೊರತೆಗೆ ಇದೇ ಮುಖ್ಯ ಕಾರಣವೆಂದು ಸ್ಪಿಟ್ಜರ್ 1958ರಲ್ಲಿ ಸೂಚಿಸಿದರು. ಸೂರ್ಯನ ಹತ್ತು ಸಾವಿರ ಪಟ್ಟು ದ್ರವ್ಯವಿರುವ ಗುಚ್ಛಕ್ಕೂ ನಮ್ಮ ನೆರೆಯಲ್ಲಿ ಸುಮಾರು 130 ಕೋಟಿ ವರ್ಷದ ಆಯುಸ್ಸು ಮಾತ್ರ ಎಂದು ಹೆನ್ನಿ ಲಾಮರ್ಸ್ ಮತ್ತು ಸಂಗಡಿಗರು 2005ರಲ್ಲಿ ಲೆಕ್ಕ ಹಾಕಿದರು.

ಪೂರ್ತಿ ಕರಗಿದ ಗುಚ್ಛ ನೋಡಲು ಹೇಗಿರುತ್ತದೆ ಎಂದು ಕೇಳುವವರು ಏಪ್ರಿಲ್, ಮೇ ತಿಂಗಳ ಸಂಜೆ ಉತ್ತರಕ್ಕೆ ತಿರುಗಿದರೆ ಸಾಕು. ಸಪ್ತರ್ಷಿಗಳಲ್ಲಿ ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ ಈ ಐವರು ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸಾಗುತ್ತಿದ್ದಾರೆ. ವಸಿಷ್ಠನ ಪಕ್ಕದ ಅರುಂಧತಿಯೂ ಅವರ ಜೊತೆಯೇ. ಎರಡು ತುದಿಯ ಕ್ರತು ಮತ್ತು ಮರೀಚಿ ಮಾತ್ರ ಬೇರೆ ದಾರಿ ಹಿಡಿದವರು, ಇನ್ನಷ್ಟು ದೂರದವರು. ಈ ಐವರ ಜೊತೆನಡೆಯನ್ನು 1869ರಲ್ಲಿ ರಿಚರ್ಡ್ ಪ್ರಾಕ್ಟರ್ ಗುರುತಿಸಿದ. ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿರುವ ಈ ಬಳಗದ ವಯಸ್ಸು 40ರಿಂದ 50 ಕೋಟಿ ವರ್ಷ. ಪರಸ್ಪರ ಗುರುತ್ವದ ಹಿಡಿತ ತಪ್ಪಿಯಾಗಿದೆ, ಒಟ್ಟಿಗೆ ಹುಟ್ಟಿದಾಗಿನ ಚಲನೆಯಷ್ಟೇ ಉಳಿದಿದೆ. ಇಂಥದ್ದನ್ನು ಚಲಿಸುವ ಗುಂಪು ಎನ್ನುತ್ತಾರೆ. ಸಪ್ತರ್ಷಿಗಳು ಕೂಡಿದ್ದು ಆಕಸ್ಮಿಕವಲ್ಲ ಎನ್ನುವುದು ಏಳರಲ್ಲಿ ಐವರ ಮಟ್ಟಿಗೆ ಭೌತವಿಜ್ಞಾನದಲ್ಲೂ ನಿಜ.

ಇನ್ನೂ ಕರಗುವ ನಡುದಾರಿಯಲ್ಲಿ ಇರುವುದು ಹಯಾಡೀಸ್. 153 ಜ್ಯೋತಿರ್ವರ್ಷ ದೂರದ ಇದು ನಮಗೆ ಅತಿ ಹತ್ತಿರದ ಗುಚ್ಛವಾದ್ದರಿಂದ ಇದರ ಸಾವನ್ನು ಬೇರಾವುದಕ್ಕಿಂತ ವಿವರವಾಗಿ ಓದಬಹುದು. 2019ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ, ಗಾಯಾ ಅಳತೆಗಳಿಂದ, ಹಯಾಡೀಸ್‌ನ ಬಾಲಗಳನ್ನು ಕಂಡುಹಿಡಿದವು. 2021ರಲ್ಲಿ ತೆರೆಜಾ ಯೆರಾಬ್ಕೋವಾ ಮತ್ತು ಸಂಗಡಿಗರು ಒಂದು ತುದಿಯಿಂದ ಇನ್ನೊಂದು ತುದಿಗೆ ಅವು ಸುಮಾರು 2,600 ಜ್ಯೋತಿರ್ವರ್ಷ ಚಾಚಿರುವುದನ್ನು ತೋರಿಸಿದರು. ಅಂದರೆ ಗುಚ್ಛದ ಕಾಣುವ ಭಾಗಕ್ಕಿಂತ ಚದುರಿದ ಭಾಗ ಬಹಳ ದೊಡ್ಡದು. ಗುಚ್ಛದ ಗುರುತ್ವದ ಹಿಡಿತದಲ್ಲಿ ಇಂದು ಉಳಿದಿರುವುದು ಸೂರ್ಯನ ಮುನ್ನೂರು ಪಟ್ಟಿಗಿಂತ ಕಡಿಮೆ ದ್ರವ್ಯ. ಹುಟ್ಟಿದಾಗ ಸಾವಿರ ಪಟ್ಟಿಗೂ ಮಿಕ್ಕಿ ಇದ್ದಿರಬೇಕೆಂದು ಅಂದಾಜು. ಸೆಮ್ಯೊಂಗ್ ಓ ಮತ್ತು ವಿನ್ ಎವನ್ಸ್ 2020ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಇನ್ನು ಮೂರು ಕೋಟಿ ವರ್ಷಗಳಲ್ಲಿ ಅದೂ ಮುಗಿಯುತ್ತದೆ. ಹಯಾಡೀಸ್‌ನ ವಯಸ್ಸಿಗೆ ಹೋಲಿಸಿದರೆ ಇದು ತೀರಾ ಕಡೆಯ ಗಳಿಗೆ.

ತೆರೆದ ಗುಚ್ಛಗಳ ಅಧ್ಯಯನದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ ದಶಕಗಳಿಂದ ಈ ಕೆಲಸ ನಡೆದುಬಂದಿದೆ. 1995ರಲ್ಲಿ ಅನ್ನಪೂರ್ಣಿ ಸುಬ್ರಮಣಿಯಂ, ಉಮಾ ಗೋರ್ತಿ, ರಾಮ್ ಸಾಗರ್ ಮತ್ತು ಹರೀಶ್ ಭಟ್ ಅವರು ಒಂದರ ಪಕ್ಕ ಒಂದು ಇರುವ 18 ಗುಚ್ಛಜೋಡಿಗಳನ್ನು ಪಟ್ಟಿಮಾಡಿದರು. ಅದುವರೆಗೆ ಆಕಾಶಗಂಗೆಯಲ್ಲಿ ಜೋಡಿಗುಚ್ಛ ಎಂದರೆ ಪರ್ಸಿಯಸ್‌ನದು ಒಂದೇ ಎಂಬಂಥ ಭಾವನೆ ಇತ್ತು. ಗುಚ್ಛಗಳೂ ಒಂಟಿಯಾಗಿ ಅಲ್ಲ, ಗುಂಪಿನಲ್ಲಿ ಹುಟ್ಟಬಲ್ಲವು ಎಂಬುದಕ್ಕೆ ಇದು ಬಲ ಕೊಟ್ಟಿತು. ತಾರಾಗುಚ್ಛಗಳ ಮೇಲೆಯೇ ಪಿಎಚ್‌ಡಿ ಮಾಡಿದ ಅನ್ನಪೂರ್ಣಿ ಅವರು 2019ರಲ್ಲಿ ಅದೇ ಸಂಸ್ಥೆಯ ನಿರ್ದೇಶಕರಾದರು.

ಸಂಸ್ಥೆಯ ದೂರದರ್ಶಕಗಳಲ್ಲಿ ಒಂದು ಇರುವುದು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವುದು ಬೆಂಗಳೂರಿನ ಹೊರವಲಯದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಎರಡು ಮೀಟರ್ ಕನ್ನಡಿಯ ಈ ಹಿಮಾಲಯನ್ ಚಂದ್ರ ಟೆಲಿಸ್ಕೋಪಿಗೆ ಚಂದ್ರಶೇಖರ್ ಅವರ ಹೆಸರನ್ನೇ ಇಡಲಾಗಿದೆ. ಬ್ಲೆಸನ್ ಮ್ಯಾಥ್ಯೂ, ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಹರೀಶ್ ಭಟ್ ಇದರಿಂದ 207 ಎಳೆಯ ತೆರೆದ ಗುಚ್ಛಗಳನ್ನು ಶೋಧಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಬಳಸಿದ ವಿಧಾನ ಸರಳ, ಸೊಗಸು. ಒಂದೊಂದು ನಕ್ಷತ್ರದ ಬೆಳಕನ್ನು ಸೀಳುಗಂಡಿಯ ಮೂಲಕ ಪ್ರತ್ಯೇಕವಾಗಿ ಹಾಯಿಸದೆ, ಇಡೀ ಗುಚ್ಛದ ಬೆಳಕನ್ನು ಒಮ್ಮೆಲೇ ಬಿಡಿಸಿದರು. ಚಿತ್ರದಲ್ಲಿ ಪ್ರತಿ ನಕ್ಷತ್ರವೂ ಚುಕ್ಕೆಯ ಬದಲು ಒಂದು ಗೆರೆಯಾಗಿ ಬೀಳುತ್ತದೆ, ಆ ಗೆರೆಯೇ ಅದರ ರೋಹಿತ. ತನ್ನ ಸುತ್ತ ಬಿಸಿ ಹೈಡ್ರೋಜನ್ನಿನ ತಟ್ಟೆ ಇಟ್ಟುಕೊಂಡ ನಕ್ಷತ್ರದ ಗೆರೆಯಲ್ಲಿ, ಕೆಂಪು ಭಾಗದ ಒಂದು ನಿಗದಿತ ಜಾಗದಲ್ಲಿ, ಪ್ರಖರವಾದ ಬಿಂದುವೊಂದು ಎದ್ದು ಕಾಣುತ್ತದೆ. ಹೀಗೆ ಗೆರೆಗಳನ್ನು ಸೋಸಿ 42 ಗುಚ್ಛಗಳಲ್ಲಿ ಅಂಥ 157 ನಕ್ಷತ್ರಗಳನ್ನು ಹೆಕ್ಕಿ ತೆಗೆದರು.

ಮುದಿ ಗುಚ್ಛಗಳನ್ನು ನೇರಳಾತೀತದಲ್ಲಿ ನೋಡುವ ಕೆಲಸ ಚುರುಕಾದದ್ದು ಆ್ಯಸ್ಟ್ರೋಸ್ಯಾಟ್ ಬಂದ ಮೇಲೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಈ ಉಪಗ್ರಹದ ಯುವಿಟ್ ಎಂಬ ನೇರಳಾತೀತ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಹೊಸಕೋಟೆಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಒಂದೊಂದೂ ಸುಮಾರು 38 ಸೆಂಟಿಮೀಟರ್ ಅಗಲದ ಎರಡು ಕೊಳವೆಗಳುಳ್ಳ ಸಾಧನ ಅದು. ಭೂಮಿಯ ವಾತಾವರಣ ತಡೆಹಿಡಿಯುವ ನೇರಳಾತೀತ ಬೆಳಕಿನಲ್ಲಿ ನೋಡಿದಾಗ ಮುದಿ ಗುಚ್ಛದ ಸಾಮಾನ್ಯ ತಂಪು ನಕ್ಷತ್ರಗಳೆಲ್ಲ ಮಸುಕಾಗಿ, ಬಿಸಿಯಾದ ಕೆಲವೇ ಕೆಲವು ಬೆಳಗುತ್ತವೆ. ಅವುಗಳ ನಡುವೆ ಬ್ಲೂ ಸ್ಟ್ರ್ಯಾಗ್ಲರ್ ಎನ್ನುವ ವಿಚಿತ್ರ ನಕ್ಷತ್ರಗಳಿವೆ. ಗುಚ್ಛದ ವಯಸ್ಸಿನ ಪ್ರಕಾರ ಯಾವಾಗಲೋ ಉಬ್ಬಿ ಸಾಯಬೇಕಿದ್ದಷ್ಟು ಭಾರವಿದ್ದರೂ ನೀಲಿಯಾಗಿ, ಎಳೆಯವರಂತೆ ಉರಿಯುತ್ತಿರುವ ನಕ್ಷತ್ರಗಳು ಇವು. ಇವನ್ನು ಅಲನ್ ಸ್ಯಾಂಡೇಜ್ 1953ರಲ್ಲಿ ಗೋಳಗುಚ್ಛವೊಂದರಲ್ಲಿ ಮೊದಲು ಕಂಡರು. ಎಲ್ಲಿಂದಲೋ ಹೆಚ್ಚಿನ ಇಂಧನ ಸಿಕ್ಕಿರಬೇಕು ಎಂಬುದು ಎಲ್ಲರ ಊಹೆ.

ಮೆಸಿಯೆ 67ರಲ್ಲಿ ಆ ಊಹೆಗೆ ಸಾಕ್ಷಿ ಸಿಕ್ಕಿತು. ವೋಕ್ಸ್ 1007 ಎಂಬ ಬ್ಲೂ ಸ್ಟ್ರ್ಯಾಗ್ಲರ್ ಒಬ್ಬ ಕಾಣದ ಸಂಗಾತಿಯೊಡನೆ ನಾಲ್ಕು ದಿನಕ್ಕೊಮ್ಮೆ ಸುತ್ತುತ್ತದೆ. ಯುವಿಟ್ ನೋಡಿದಾಗ ಅದರ ನೇರಳಾತೀತ ಬೆಳಕು ಆ ಒಂದೇ ನಕ್ಷತ್ರದಿಂದ ಬರುವುದಕ್ಕಿಂತ ಜಾಸ್ತಿ ಇತ್ತು. ಹೆಚ್ಚುವರಿ ಬೆಳಕು ಸಂಗಾತಿಯದು: ಸೂರ್ಯನ ಐದನೆಯ ಒಂದು ಭಾಗದಷ್ಟು ಮಾತ್ರ ತೂಗುವ ಬಿಸಿ ಶ್ವೇತ ಕುಬ್ಜ. ಅಷ್ಟು ಹಗುರವಾದ ಶ್ವೇತ ಕುಬ್ಜ ಒಂಟಿ ನಕ್ಷತ್ರದಿಂದ ಹುಟ್ಟುವುದಕ್ಕೆ ವಿಶ್ವದ ಈವರೆಗಿನ ವಯಸ್ಸೇ ಸಾಲದು. ಆದ್ದರಿಂದ ಅದರ ಹೊರಪದರಗಳನ್ನು ಯಾರೋ ಕಳಚಿಕೊಂಡಿದ್ದಾರೆ, ಪಕ್ಕದಲ್ಲಿ ಇರುವುದು ಈ ಬ್ಲೂ ಸ್ಟ್ರ್ಯಾಗ್ಲರ್ ಮಾತ್ರ. ಖಭೌತ ಸಂಸ್ಥೆಯ ಎನ್. ಸಿಂಧು ಮತ್ತು ಸಂಗಡಿಗರ ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲೇ, 2016ರಲ್ಲಿ, ಇನ್ನೂ ಮುದಿಯಾದ ಎನ್‌ಜಿಸಿ 188 ಎಂಬ ಗುಚ್ಛದಲ್ಲಿ ಬ್ಲೂ ಸ್ಟ್ರ್ಯಾಗ್ಲರ್ ಒಂದರ ಬಿಸಿ ಸಂಗಾತಿಯನ್ನು ಯುವಿಟ್ ಪತ್ತೆ ಮಾಡಿತ್ತು. 2021ರಲ್ಲಿ ವಿಕ್ರಾಂತ್ ಜಾಧವ್ ಮತ್ತು ಅನ್ನಪೂರ್ಣಿ ಸುಬ್ರಮಣಿಯಂ ಗಾಯಾ ಅಳತೆಗಳನ್ನು ಜಾಲಾಡಿ 228 ಗುಚ್ಛಗಳಿಂದ 868 ಬ್ಲೂ ಸ್ಟ್ರ್ಯಾಗ್ಲರ್‌ಗಳ ಪಟ್ಟಿ ಕೊಟ್ಟರು.

ಗುಚ್ಛ ಕರಗುವ ಕಥೆಗೂ ಜೋಡಿಗಳಿಂದ ಹುಟ್ಟುವ ಈ ನಕ್ಷತ್ರಗಳಿಗೂ ನೇರ ನಂಟಿದೆ. ಜೋಡಿ ನಕ್ಷತ್ರಗಳು ಒಟ್ಟಾಗಿ ಹೆಚ್ಚು ತೂಗುವುದರಿಂದ ಗುಚ್ಛದ ನಡುವಿಗೆ ಇಳಿಯುತ್ತವೆ. ಅಲ್ಲಿ ಹತ್ತಿರ ಬಂದ ಮೂರನೆಯ ನಕ್ಷತ್ರವನ್ನು ಕವಣೆಯಂತೆ ಹೊರಗೆಸೆದು ತಾವು ಇನ್ನಷ್ಟು ಬಿಗಿಯಾಗುತ್ತವೆ. ಒಂಟಿ ಹಗುರ ನಕ್ಷತ್ರಗಳು ಮೊದಲು ಹೋಗುವುದರಿಂದ ಗುಚ್ಛ ಮುದಿಯಾದಷ್ಟೂ ಅದರಲ್ಲಿ ಜೋಡಿಗಳ, ಜೋಡಿಗಳಿಂದ ಹುಟ್ಟಿದ ವಿಚಿತ್ರಗಳ ಪಾಲು ಹೆಚ್ಚುತ್ತದೆ. 2005ರಲ್ಲಿ ಹರ್ಲಿ ಮತ್ತು ಸಂಗಡಿಗರು ಮೆಸಿಯೆ 67ರ ಇಡೀ ಬಾಳನ್ನು ಕಂಪ್ಯೂಟರಿನಲ್ಲಿ ನಡೆಸಿದರು. 12,000 ಒಂಟಿ ನಕ್ಷತ್ರ, 12,000 ಜೋಡಿ, ಒಟ್ಟು ಸೂರ್ಯನ ಸುಮಾರು 19,000 ಪಟ್ಟು ದ್ರವ್ಯದಿಂದ ಹೊರಟ ಗುಚ್ಛದಲ್ಲಿ 400 ಕೋಟಿ ವರ್ಷಗಳ ಕೊನೆಗೆ ಉಳಿದದ್ದು 2,000 ಪಟ್ಟು. ಹತ್ತರಲ್ಲಿ ಒಂಬತ್ತು ಭಾಗ ಹೋದ ಮೇಲೂ ಮೆಸಿಯೆ 67 ಗುಚ್ಛವಾಗಿ ಉಳಿದಿರುವುದಕ್ಕೆ ಕಾರಣ ಎರಡು: ಅದು ಹುಟ್ಟುವಾಗಲೇ ಭಾರಿಯಾಗಿತ್ತು, ಜೊತೆಗೆ ತನ್ನ ಕಕ್ಷೆಯಲ್ಲಿ ಅನಿಲಮೋಡಗಳು ಕಿಕ್ಕಿರಿದ ತಟ್ಟೆಯ ನಡುಪದರದಿಂದ ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷ ಮೇಲೆ ಕೆಳಗೆ ಹೋಗಿ ಬಹುಕಾಲ ಕಳೆಯುತ್ತದೆ. ಎನ್‌ಜಿಸಿ 188, ಎನ್‌ಜಿಸಿ 6791 ಮೊದಲಾದ ಇತರ ಮುದಿ ಗುಚ್ಛಗಳೂ ಹೀಗೆಯೇ ತಟ್ಟೆಯ ನಡುವಿನಿಂದ ದೂರ ಉಳಿದಂಥವು.

ಮೆಸಿಯೆ 67ರ ವಯಸ್ಸು, ರಾಸಾಯನಿಕ ಸಂಯೋಜನೆ ಎರಡೂ ಸೂರ್ಯನಿಗೆ ಹತ್ತಿರ. ಹಾಗಾಗಿ ಸೂರ್ಯನ ತವರು ಇದೇ ಇರಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಕಕ್ಷೆಗಳನ್ನು ಹಿಂದಕ್ಕೆ ಓಡಿಸಿ ನೋಡಿದ 2012ರ ಅಧ್ಯಯನ ಅದನ್ನು ತಳ್ಳಿಹಾಕಿತು. ಅಲ್ಲಿಂದ ಇಲ್ಲಿಗೆ ಬರುವಷ್ಟು ಜೋರಾದ ಎಸೆತಕ್ಕೆ ಸೂರ್ಯ ಸಿಕ್ಕಿದ್ದರೆ ಗ್ರಹಗಳ ಕಕ್ಷೆಗಳು ಇಷ್ಟು ಅಚ್ಚುಕಟ್ಟಾಗಿ ಉಳಿಯುತ್ತಿರಲಿಲ್ಲ. ಸೂರ್ಯ ಹುಟ್ಟಿದಂದಿನಿಂದ ಆಕಾಶಗಂಗೆಯನ್ನು ಸುಮಾರು ಇಪ್ಪತ್ತು ಸುತ್ತು ಸುತ್ತಿಯಾಗಿದೆ, ಅವನ ಗುಚ್ಛ ಎಂದೋ ಕರಗಿದೆ. ಅದರ ಕುರುಹು ಇಂದು ಉಲ್ಕಾಶಿಲೆಗಳಲ್ಲಿದೆ: ಬಹುಬೇಗ ಕ್ಷಯಿಸುವ ಅಲ್ಯೂಮಿನಿಯಂ 26ರ ಗುರುತುಗಳು, ಸೌರವ್ಯೂಹ ಹುಟ್ಟುವಾಗ ನೆರೆಯಲ್ಲಿ ಭಾರಿ ನಕ್ಷತ್ರಗಳಿದ್ದವು ಎಂದು ಹೇಳುತ್ತವೆ. ಕಳೆದುಹೋದ ಸೋದರರನ್ನು ಹುಡುಕುವ ದಾರಿ ರೋಹಿತದಲ್ಲಿದೆ. ಒಂದೇ ಮೋಡದಿಂದ ಹುಟ್ಟಿದ ನಕ್ಷತ್ರಗಳ ಮೂಲಧಾತುಗಳ ಪ್ರಮಾಣ ಹೊಂದಿಕೆಯಾಗಬೇಕು ಎಂಬುದು 2002ರಲ್ಲಿ ಕೆನ್ ಫ್ರೀಮನ್ ಮತ್ತು ಜಾಸ್ ಬ್ಲಾಂಡ್-ಹಾಥಾರ್ನ್ ಮುಂದಿಟ್ಟ ಸೂತ್ರ. 2014ರಲ್ಲಿ ಇವಾನ್ ರಾಮಿರೆಸ್ ಮತ್ತು ಸಂಗಡಿಗರು ಹೀಗೆ ಹೊಂದಿಕೆಯಾಗುವ ಎಚ್‌ಡಿ 162826 ಎಂಬ ನಕ್ಷತ್ರವನ್ನು, 110 ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ ಸೋದರನಾಗಿರಬಹುದಾದ ಅಭ್ಯರ್ಥಿ ಎಂದು ಗುರುತಿಸಿದರು.

2013ರ ಡಿಸೆಂಬರ್‌ನಲ್ಲಿ ಹಾರಿದ ಗಾಯಾ ಈ ಇಡೀ ಕ್ಷೇತ್ರದ ಚಹರೆಯನ್ನೇ ಬದಲಿಸಿತು. ಅದಕ್ಕೆ ಮುಂಚೆ ಪಟ್ಟಿಯಲ್ಲಿದ್ದ ಹಲವು ಗುಚ್ಛಗಳು ಬರೀ ದೃಷ್ಟಿರೇಖೆಯ ಆಕಸ್ಮಿಕಗಳೆಂದು ಗೊತ್ತಾಗಿ ಕೈಬಿಟ್ಟುಹೋದವು. ಯಾರೂ ಕಾಣದಿದ್ದ ಸಾವಿರಾರು ಹೊಸವು ಸೇರಿದವು. ಎಮಿಲಿ ಹಂಟ್ ಮತ್ತು ಸಬೀನ್ ರೆಫರ್ಟ್ 2023ರಲ್ಲಿ ಕೊಟ್ಟ ಪಟ್ಟಿಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಗುಂಪುಗಳಿವೆ. ಅವುಗಳಲ್ಲಿ ಎಷ್ಟು ಇನ್ನೂ ಗುರುತ್ವದಿಂದ ಬಿಗಿದಿರುವ ಗುಚ್ಛ, ಎಷ್ಟು ಆಗಲೇ ಹಿಡಿತ ತಪ್ಪಿದ ಚಲಿಸುವ ಗುಂಪು ಎಂದು ಬೇರ್ಪಡಿಸುವುದು ಇಂದಿನ ದೊಡ್ಡ ಕೆಲಸ.

ಹಯಾಡೀಸ್‌ನ ಬಾಲದಲ್ಲಿಯೂ ಒಂದು ಗಂಟು ಬಿಡಿಸುವುದು ಬಾಕಿ ಇದೆ. ಮುಂದಿನ ಬಾಲಕ್ಕಿಂತ ಹಿಂದಿನ ಬಾಲದಲ್ಲಿ ನಕ್ಷತ್ರಗಳು ಗಮನಾರ್ಹವಾಗಿ ಕಡಿಮೆ. ಸೂರ್ಯನ ಕೋಟಿ ಪಟ್ಟು ತೂಗುವ ಏನೋ ಒಂದು ಹಾದು ಅದನ್ನು ಚೆಲ್ಲಾಪಿಲ್ಲಿ ಮಾಡಿರಬೇಕು ಎಂದು ಯೆರಾಬ್ಕೋವಾ ತಂಡ ಸೂಚಿಸಿತು. ಅಷ್ಟು ಭಾರದ ಅನಿಲಮೋಡವಾಗಲಿ ಗುಚ್ಛವಾಗಲಿ ಅಕ್ಕಪಕ್ಕದಲ್ಲಿ ಕಾಣುತ್ತಿಲ್ಲವಾದ್ದರಿಂದ ಅದು ಕಪ್ಪುದ್ರವ್ಯದ ಮುದ್ದೆಯಾಗಿದ್ದರೂ ಇರಬಹುದು ಎಂಬ ಸಾಧ್ಯತೆಯನ್ನೂ ಅವರು ಮುಂದಿಟ್ಟಿದ್ದಾರೆ. ಗಾಯಾ 2025ರ ಜನವರಿಯಲ್ಲಿ ವೀಕ್ಷಣೆ ನಿಲ್ಲಿಸಿತು. ಅದರ ನಾಲ್ಕನೆಯ ದತ್ತಾಂಶ ಸಂಚಿಕೆಯ ಬಿಡುಗಡೆ 2026ರ ಡಿಸೆಂಬರ್‌ಗೆ ನಿಗದಿಯಾಗಿದೆ. ಬಾಲದ ಮಸುಕು ನಕ್ಷತ್ರಗಳ ವೇಗಗಳು ಇನ್ನಷ್ಟು ನಿಖರವಾಗಿ ಸಿಕ್ಕಾಗ, ಆ ಕೊರತೆ ನಿಜವಾದದ್ದೇ, ಎಣಿಕೆಯಲ್ಲಿ ತಪ್ಪಿಹೋದದ್ದೇ ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ.